ನಿಮಗಿದು ಗೊತ್ತೆ? ಹೂ ಕುಲ ಹೇಳುತ್ತದೆ, ಎಲೆ ಹೆಸರು ಹೇಳುತ್ತದೆ

ಬ್ರಿಟನ್ನಿನ ಕಾಡುಹೂಗಳಲ್ಲಿ ಸ್ಯಾಕ್ಸಿಫ್ರೇಜ್ ಕುಲವನ್ನು ಹೂವಿನಿಂದಲೇ ಗುರುತಿಸಬಹುದು: ಸಾಮಾನ್ಯವಾಗಿ 5 ದಳ, 10 ಕೇಸರ, ನಡುವೆ ಕೊಂಬಿನಂತೆ ಕವಲೊಡೆದ ಎರಡು ಶಲಾಕೆ. ಆದರೆ ಪ್ರಭೇದ ಯಾವುದೆಂದು ತಿಳಿಯಲು ಎಲೆಯನ್ನೂ ನೆಲೆಯನ್ನೂ ನೋಡಲೇಬೇಕು. ಬಿಳಿ ಹೂವಿನ ಎರಡು ಪ್ರಭೇದಗಳನ್ನೇ ತೆಗೆದುಕೊಳ್ಳಿ. ಹುಲ್ಲುಗಾವಲಿನದಕ್ಕೆ ಮೂತ್ರಪಿಂಡದಾಕಾರದ ಎಲೆ, ಬುಡದಲ್ಲಿ ಪುಟ್ಟ ಗೆಡ್ಡೆಗಳು. ಹಳೆಯ ಗೋಡೆ, ಒಣ ಮರಳುನೆಲಗಳಲ್ಲಿ ಬೆಳೆಯುವ ಇನ್ನೊಂದಕ್ಕೆ ಮೂರು ಸೀಳಿನ, ಕೆಂಪು ಛಾಯೆಯ ಎಲೆ.

ಹಾಗಾದರೆ ನೆಲೆಯೊಂದೇ ಸಾಕಲ್ಲವೇ ಎನ್ನಬಹುದು. ಸಾಲದು. ಸ್ಕಾಟ್ಲೆಂಡಿನ ಬೆಟ್ಟದ ಬಂಡೆಗಳಲ್ಲಿ ಅರಳುವ ನೇರಳೆ ಸ್ಯಾಕ್ಸಿಫ್ರೇಜ್ ಆರ್ಕ್ಟಿಕ್‌ನಲ್ಲಿ ಕಡಲಮಟ್ಟದಲ್ಲೂ ಬೆಳೆಯುತ್ತದೆ. ಎಲ್ಲಿ ಬೆಳೆದರೂ ಎದುರುಬದುರಾಗಿ ಮೂಡುವ ಅದರ ಎಲೆಗಳ ತುದಿಯಲ್ಲಿ ಸುಣ್ಣ ಸ್ರವಿಸುವ ರಂಧ್ರ ಇರುತ್ತದೆ. ಆದ್ದರಿಂದ ನೆಲೆಯನ್ನು ಸುಳಿವಾಗಿಟ್ಟುಕೊಂಡು, ಎಲೆಯಿಂದ ಖಚಿತಪಡಿಸಿಕೊಳ್ಳುವುದೇ ಸರಿಯಾದ ಕ್ರಮ.