ಮಾತಿಗೆ ಮುಂಚಿನ ಮಾತು

ಮಗುವಿನಲ್ಲಿ ಬಯಕೆ ಮೊದಲು ಹುಟ್ಟುತ್ತದೆ. ಅದನ್ನು ತಿಳಿಸುವ ನುಡಿ ತಡವಾಗಿ ಬರುತ್ತದೆ. ವರ್ಷ ತುಂಬುವ ಹೊತ್ತಿಗೆ ಹಲವು ಮಕ್ಕಳು ಬೇಕಾದುದನ್ನು ಬೆರಳಿನಿಂದ ತೋರಿಸಬಲ್ಲರು, ಹೆಸರಿಟ್ಟು ಕೇಳಲಾರರು. ಈ ನಡುಗಾಲದ ಸಂಕಟವನ್ನು ಅಮೆರಿಕದ ಲೇಖಕ ಮೋ ವಿಲೆಮ್ಸ್ ಅವರು 2004ರಲ್ಲಿ ಪ್ರಕಟವಾದ ‘ಕ್ನಫಲ್ ಬನ್ನಿ’ ಎಂಬ ಚಿತ್ರಪುಸ್ತಕದಲ್ಲಿ ನಿರೂಪಿಸಿದ್ದಾರೆ.

ಇನ್ನೂ ಮಾತು ಬಾರದ ಟ್ರಿಕ್ಸಿ ಎಂಬ ಬಾಲೆ ತಂದೆಯೊಡನೆ ಬಟ್ಟೆ ಒಗೆಯುವ ಯಂತ್ರಗಳಿರುವ ಅಂಗಡಿಗೆ ಹೋಗುತ್ತಾಳೆ. ಮರಳುವ ದಾರಿಯಲ್ಲಿ ತನ್ನ ಆಟದ ಮೊಲ ಕಾಣೆಯಾದುದು ಅವಳಿಗೆ ಅರಿವಾಗುತ್ತದೆ. ಅವಳು ತೊದಲುತ್ತಾಳೆ, ಕೈ ಬೀಸುತ್ತಾಳೆ, ಕಡೆಗೆ ಅಳುತ್ತಾಳೆ. ತಂದೆಗೆ ಮಗಳಲ್ಲಿ ಪ್ರೀತಿಯುಂಟು. ಆದರೂ ಅವನು ಅದನ್ನು ಹಟವೆಂದೇ ಬಗೆಯುತ್ತಾನೆ. ಮನೆಯ ಬಾಗಿಲು ತೆರೆದ ತಾಯಿಯಾದರೋ ಮೊದಲಿಗೇ ಮೊಲವೆಲ್ಲಿ ಎಂದು ಕೇಳುತ್ತಾಳೆ. ಮೂವರೂ ಹಿಂದಕ್ಕೆ ಓಡುತ್ತಾರೆ. ಮೊಲ ದೊರೆತೊಡನೆ ಟ್ರಿಕ್ಸಿ ಅದರ ಹೆಸರನ್ನು ಕೂಗುತ್ತಾಳೆ. ಅದೇ ಅವಳ ಮೊದಲ ನುಡಿ.

ಇಂತಹ ಕಥೆಗೆ ಚಿತ್ರವೇ ತಕ್ಕ ಭಾಷೆ. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಬೀದಿಗಳ ಛಾಯಾಚಿತ್ರಗಳ ಮೇಲೆ ಇಲ್ಲಿ ವ್ಯಕ್ತಿಗಳನ್ನು ರೇಖೆಗಳಲ್ಲಿ ಬರೆಯಲಾಗಿದೆ. ಟ್ರಿಕ್ಸಿಯ ತೊದಲು ಯಾರಿಗೂ ಅರ್ಥವಾಗದು. ಅವಳ ಅಗಲವಾದ ಕಣ್ಣುಗಳು ಅಕ್ಷರವರಿಯದ ಕೂಸಿಗೂ ಅರ್ಥವಾಗುತ್ತವೆ. ತಂದೆ ಕಾಣದುದನ್ನು ಪುಟ್ಟ ಓದುಗರು ಕಾಣುತ್ತಾರೆ.

ಮನೆಯ ಎಳೆಯ ತಮ್ಮನೋ ತಂಗಿಯೋ ಅತ್ತಾಗ ಹಟವೆಂದು ಗದರಿಸುವ ಮೊದಲು, ಆ ಪುಟ್ಟ ಕೈ ಯಾವ ಕಡೆಗೆ ಚಾಚಿದೆಯೆಂದು ನೋಡುವುದು ಒಳಿತು.