ತಗಡಿನ ಚಾವಣಿ ಗಾಳಿಗೆ ಹಾರುವುದೇಕೆ?

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು ಅಥವಾ ಚನ್ನರಾಯಪಟ್ಟಣದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ತಗಡಿನ ಶೆಡ್ಡುಗಳನ್ನು ನೀವು ನೋಡಿರುತ್ತೀರಿ. ಒಳಗಿನಿಂದ ಟಣ್ ಟಣ್ ಸದ್ದು ಬರುತ್ತಿರುತ್ತದೆ. ನೀಲಿ ಬೆಳಕು ಮಿನುಗುತ್ತಿರುತ್ತದೆ. ಹೊರಗೆ ರಿಪೇರಿಗೆ ಬಂದ ಟ್ರ್ಯಾಕ್ಟರ್ ಟ್ರೈಲರ್, ಒರಗಿಸಿಟ್ಟ ಗೇಟು, ಕಿಟಕಿಗಳು ಕಾಣುತ್ತವೆ. ರೈತರ ಕಬ್ಬಿಣದ ನೇಗಿಲನ್ನು ಸರಿಪಡಿಸುವುದು ಇಲ್ಲಿಯೇ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತಮುತ್ತ ಹೊಗೆಸೊಪ್ಪನ್ನು ಹದ ಮಾಡುವ ಬ್ಯಾರನ್‌ಗಳಿವೆ. ಅವುಗಳ ಒಳಗೆ ಬಿಸಿ ಹಾಯಿಸುವ ಕೊಳವೆಗಳೂ ತಗಡಿನವೇ.

ಸ್ವಂತ ನಿವೇಶನದಲ್ಲಿ ಇಂಥ ವರ್ಕ್‌ಶಾಪ್ ಹಾಕಿಸುವವರು ಕಲ್ಲು, ಇಟ್ಟಿಗೆಯ ಕಟ್ಟಡಕ್ಕಿಂತ ತಗಡಿನ ಶೆಡ್ಡನ್ನೇ ಹೆಚ್ಚಾಗಿ ಆರಿಸುತ್ತಾರೆ. ಬೇಗ ಏಳುತ್ತದೆ, ಖರ್ಚು ಕಡಿಮೆ, ಬೇಡವಾದರೆ ಬಿಚ್ಚಿ ಬೇರೆಡೆಗೆ ಒಯ್ಯಬಹುದು. ಆದರೆ ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ, ಅಂದರೆ ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಸಹಿತ ಬಿರುಗಾಳಿ ಬೀಸಿದಾಗ ಎಲ್ಲೋ ಒಂದು ಕಡೆ ಶೆಡ್ಡಿನ ತಗಡು ಹಾರಿತು ಎಂಬ ಸುದ್ದಿ ಕೇಳುತ್ತೇವೆ. ಹಾರಿದ ತಗಡು ಕತ್ತಿಯಂತೆ ಹರಿತ. ಜನರಿಗೋ ದನಕರುಗಳಿಗೋ ತಗುಲಿದರೆ ಜೀವಕ್ಕೇ ಅಪಾಯ.

ಕಬ್ಬಿಣ ಭಾರವಾದ ಲೋಹ. ನೀರಿಗೆ ಹಾಕಿದರೆ ಮುಳುಗುತ್ತದೆ. ಅಂಥದ್ದು ಗಾಳಿಯಲ್ಲಿ ಹಾರುವುದು ಹೇಗೆ? ಹಾರದಂತೆ ಶೆಡ್ಡು ಕಟ್ಟುವುದು ಹೇಗೆ? ಬನ್ನಿ, ಒಂದೊಂದಾಗಿ ನೋಡೋಣ.

ತಗಡಿಗೆ ಅಲೆ ಏಕೆ?

ಮೊದಲು ಒಂದು ಪ್ರಯೋಗ. ಎರಡು ಪುಸ್ತಕಗಳನ್ನು ಒಂದು ಗೇಣು ಅಂತರದಲ್ಲಿ ಇಡಿ. ಅವುಗಳ ಮೇಲೆ ಸೇತುವೆಯಂತೆ ಒಂದು ಕಾಗದವನ್ನು ಹಾಸಿ, ನಡುವೆ ಒಂದು ನಾಣ್ಯ ಇಡಿ. ಕಾಗದ ಕುಸಿಯುತ್ತದೆ. ಈಗ ಅದೇ ಕಾಗದವನ್ನು ಬೀಸಣಿಗೆಯಂತೆ ಹಿಂದೆ ಮುಂದೆ ಮಡಿಚಿ ಮತ್ತೆ ಹಾಸಿ. ಈ ಸಲ ಹಲವು ನಾಣ್ಯಗಳನ್ನು ಇಟ್ಟರೂ ಅದು ತಡೆದುಕೊಳ್ಳುತ್ತದೆ. ಕಾಗದ ಅದೇ, ಬದಲಾದದ್ದು ಆಕಾರ ಮಾತ್ರ.

ನಿಮ್ಮ ಅಡಿಪಟ್ಟಿಯನ್ನು ಮಲಗಿಸಿ ಬಗ್ಗಿಸಿದರೆ ಸುಲಭವಾಗಿ ಬಾಗುತ್ತದೆ. ಅಂಚನ್ನು ಮೇಲೆ ಮಾಡಿ ಹಿಡಿದರೆ ಬಾಗುವುದಿಲ್ಲ. ಭಾರ ಬೀಳುವ ದಿಕ್ಕಿನಲ್ಲಿ ವಸ್ತು ಎಷ್ಟು ಎತ್ತರವಾಗಿದೆಯೋ ಅಷ್ಟು ಗಟ್ಟಿ. ತಗಡಿಗೆ ಅಲೆ ಕೊಟ್ಟಾಗ ಅರ್ಧ ಮಿಲಿಮೀಟರ್ ದಪ್ಪದ ಹಾಳೆಗೂ ಕೆಲವು ಸೆಂಟಿಮೀಟರ್ ಎತ್ತರ ಬಂದಂತಾಗುತ್ತದೆ. ಅಲೆಗಳ ತಗ್ಗಿನಲ್ಲಿ ಮಳೆನೀರು ಹರಿದು ಕೆಳಗಿಳಿಯುವುದು ಇನ್ನೊಂದು ಲಾಭ.

ಈ ಉಪಾಯಕ್ಕೆ 1829ರಲ್ಲಿ ಹಕ್ಕುಪತ್ರ ಪಡೆದವರು ಇಂಗ್ಲೆಂಡಿನ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್. ಲಂಡನ್ ಬಂದರಿನ ಶೆಡ್ಡಿಗೆ ಅವರು ಅಲೆ ತಗಡಿನ ಚಾವಣಿ ಹೊದಿಸಿದರು. ನಮ್ಮೂರಿನ ಶೆಡ್ಡುಗಳೂ ಅದೇ ವಂಶದವು!

ತುಕ್ಕಿಗೆ ಸತುವಿನ ಕಾವಲು

ಬರೀ ಕಬ್ಬಿಣದ ತಗಡನ್ನು ಮಳೆಗೆ ಒಡ್ಡಿದರೆ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತದೆ. ಗಾಳಿಯ ಆಮ್ಲಜನಕ ಮತ್ತು ನೀರು ಸೇರಿ ಕಬ್ಬಿಣವನ್ನು ತಿನ್ನುತ್ತವೆ. ಇದನ್ನು ತಡೆಯಲು ತಗಡನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುತ್ತಾರೆ. ಸತು ಕರಗುವುದು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲಿ ಈ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಇದಕ್ಕೆ ಗ್ಯಾಲ್ವನೀಕರಣ ಎಂದು ಹೆಸರು.

ಬಣ್ಣ ಹಚ್ಚಿದ ತಗಡಿಗೆ ಗೀರು ಬಿದ್ದರೆ ಅಲ್ಲಿ ತುಕ್ಕು ಶುರುವಾಗುತ್ತದೆ. ಸತುವಿನ ಲೇಪಕ್ಕೆ ಸಣ್ಣ ಗೀರು ಬಿದ್ದರೂ ಕಬ್ಬಿಣ ಉಳಿಯುತ್ತದೆ. ಕಾರಣ, ಸತುವು ಕಬ್ಬಿಣಕ್ಕಿಂತ ಚುರುಕಾಗಿ ರಾಸಾಯನಿಕ ಕ್ರಿಯೆಯಲ್ಲಿ ತೊಡಗುತ್ತದೆ. ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಆದರೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಅತಿಯಾದ ಶಾಖಕ್ಕೆ ಸತು ಆವಿಯಾಗಿ ಹೋಗುತ್ತದೆ. ಆದ್ದರಿಂದ ಶೆಡ್ಡುಗಳಲ್ಲಿ ತುಕ್ಕು ಮೊದಲು ಕಾಣುವುದು ಬೆಸುಗೆಯ ಬಳಿ. ಅಲ್ಲಿಗೆ ತಪ್ಪದೆ ಬಣ್ಣ ಹಚ್ಚಬೇಕು. ಸತುವಿನ ಹೊಗೆಯನ್ನು ಉಸಿರಾಡಿದರೆ ಜ್ವರ ಬಂದಂತಾಗುತ್ತದೆ. ಹಾಗಾಗಿ ಈ ಕೆಲಸವನ್ನು ಗಾಳಿ ಆಡುವ ಕಡೆಯೇ ಮಾಡಬೇಕು.

ತ್ರಿಕೋನದ ಬಲ

ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳನ್ನೂ ಬೆಂಕಿಕಡ್ಡಿಗಳನ್ನೂ ತೆಗೆದುಕೊಳ್ಳಿ. ಕಡ್ಡಿಗಳ ಮದ್ದನ್ನು ಮೊದಲೇ ಕೆರೆದು ತೆಗೆಯಿರಿ. ನಾಲ್ಕು ಕಡ್ಡಿ ಜೋಡಿಸಿ ಚೌಕ ಮಾಡಿ, ಮೂರು ಕಡ್ಡಿ ಜೋಡಿಸಿ ತ್ರಿಕೋನ ಮಾಡಿ. ಚೌಕವನ್ನು ಮೂಲೆಯಲ್ಲಿ ಒತ್ತಿದರೆ ಓರೆಯಾಗುತ್ತದೆ. ತ್ರಿಕೋನ ಜಗ್ಗುವುದಿಲ್ಲ. ಭುಜಗಳ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗದು.

ಈಗ ಯಾವುದಾದರೂ ಶೆಡ್ಡಿನ ಒಳಗೆ ತಲೆಯೆತ್ತಿ ನೋಡಿ. ಆಂಗಲ್ ಮತ್ತು ಪೈಪುಗಳಿಂದ ಮಾಡಿದ ತ್ರಿಕೋನಗಳ ಸಾಲು ಕಾಣುತ್ತದೆ. ಇದನ್ನು ಟ್ರಸ್ ಎನ್ನುತ್ತಾರೆ. ಕಂಬಗಳ ನಡುವೆಯೂ ಓರೆಯಾಗಿ ಪೈಪು ಅಥವಾ ಸರಳು ಕಟ್ಟಿರುತ್ತಾರೆ. ಓರೆ ಪೈಪು ಇಲ್ಲದ ಶೆಡ್ಡು ನಿಮ್ಮ ಬೆಂಕಿಕಡ್ಡಿಯ ಚೌಕದಂತೆ ಗಾಳಿಗೆ ಪಕ್ಕಕ್ಕೆ ವಾಲಬಹುದು.

ಗಾಳಿ ಮೇಲಕ್ಕೆ ಎಳೆಯುವುದು ಹೇಗೆ?

ಒಂದು ಕಾಗದದ ಪಟ್ಟಿಯ ತುದಿಯನ್ನು ಕೆಳತುಟಿಯ ಬಳಿ ಹಿಡಿಯಿರಿ. ಪಟ್ಟಿ ಬಾಗಿ ಕೆಳಗೆ ಜೋತುಬೀಳಲಿ. ಈಗ ಅದರ ಮೇಲ್ಭಾಗದಲ್ಲಿ ಜೋರಾಗಿ ಊದಿ. ಕಾಗದ ಕೆಳಗೆ ಹೋಗುವ ಬದಲು ಮೇಲೇಳುತ್ತದೆ! ಬಾಗಿದ ಕಾಗದದ ಮೇಲೆ ಗಾಳಿಯೂ ಬಾಗಿ ಹರಿಯುತ್ತದೆ. ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಕೆಳಗಿನ ಗಾಳಿಯ ಒತ್ತಡ ಹಾಗೇ ಇರುವುದರಿಂದ ಅದು ಕಾಗದವನ್ನು ಮೇಲಕ್ಕೆ ತಳ್ಳುತ್ತದೆ.

ಶೆಡ್ಡಿನ ಮೇಲೂ ಹೀಗೆಯೇ. ಗೋಡೆಗೆ ಅಪ್ಪಳಿಸಿದ ಗಾಳಿ ಚಾವಣಿಯನ್ನು ದಾಟಲು ಮೇಲೇರಿ ಬಾಗಿ ಓಡುತ್ತದೆ. ಚಾವಣಿಯ ಮೇಲೆ ಒತ್ತಡ ತಗ್ಗುತ್ತದೆ. ಶಟರ್ ತೆರೆದಿದ್ದರಂತೂ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ದೂಡುತ್ತದೆ. ಮೇಲಿನಿಂದ ಸೆಳೆತ, ಕೆಳಗಿನಿಂದ ತಳ್ಳು! ಅಂಚು ಮತ್ತು ಮೂಲೆಗಳಲ್ಲಿ ಈ ಸೆಳೆತ ಅತಿ ಹೆಚ್ಚು. ಅದಕ್ಕೇ ತಗಡು ಸಾಮಾನ್ಯವಾಗಿ ಮೂಲೆಯಿಂದ ಕಿತ್ತು ಬರುತ್ತದೆ. ಅಲ್ಲಿ ಬೋಲ್ಟುಗಳನ್ನು ಹತ್ತಿರ ಹತ್ತಿರ ಹಾಕಬೇಕು.

ಲೆಕ್ಕ ಮಾಡಿ ನೋಡೋಣ

ಭಾರತೀಯ ಮಾನಕ ಬ್ಯೂರೋ ನಮ್ಮ ದೇಶವನ್ನು ಗಾಳಿಯ ವೇಗಕ್ಕೆ ಅನುಗುಣವಾಗಿ ಆರು ವಲಯಗಳಾಗಿ ವಿಂಗಡಿಸಿದೆ. ಬೆಂಗಳೂರು, ಮೈಸೂರುಗಳು ಅತಿ ಕಡಿಮೆ ವೇಗದ ವಲಯದಲ್ಲಿವೆ. ಅಲ್ಲೂ ಕಟ್ಟಡದ ಲೆಕ್ಕಕ್ಕೆ ಹಿಡಿಯುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ನಾವೂ ಇದನ್ನೇ ತೆಗೆದುಕೊಳ್ಳೋಣ.

ಗಾಳಿಯ ಬಲವನ್ನು ಕಂಡುಹಿಡಿಯಲು ವೇಗವನ್ನು ಅದೇ ವೇಗದಿಂದ ಗುಣಿಸಿ, 0.6ರಿಂದ ಗುಣಿಸಬೇಕು.

33 × 33 × 0.6 = ಸುಮಾರು 653 ನ್ಯೂಟನ್.

ಅಂದರೆ ಒಂದು ಚದರ ಮೀಟರಿನ ಮೇಲೆ ಸುಮಾರು 65 ಕೆ.ಜಿ. ತೂಕಕ್ಕೆ ಸಮನಾದ ಬಲ. ಶೆಡ್ಡಿನ ಆಕಾರಕ್ಕೆ ತಕ್ಕಂತೆ ಮೇಲೆತ್ತುವ ಬಲ ಇದಕ್ಕಿಂತ ಹೆಚ್ಚು ಕಡಿಮೆ ಆಗಬಹುದು. ನಮ್ಮ ಲೆಕ್ಕಕ್ಕೆ 65 ಎಂದೇ ಇಟ್ಟುಕೊಳ್ಳೋಣ. ಅರ್ಧ ಮಿಲಿಮೀಟರ್ ದಪ್ಪದ ಅಲೆ ತಗಡಿನ ತೂಕ ಚದರ ಮೀಟರಿಗೆ ಸುಮಾರು 4.5 ಕೆ.ಜಿ. ಮಾತ್ರ! ಕಬ್ಬಿಣವಾದರೂ ತಗಡು ಏಕೆ ಹಾರುತ್ತದೆ ಎಂಬುದು ಈಗ ತಿಳಿಯಿತಲ್ಲವೇ?

ಕೆಲವರು ತಗಡಿನ ಮೇಲೆ ಕಲ್ಲು, ಹಳೆಯ ಟೈರು ಇಡುತ್ತಾರೆ. ಚದರ ಮೀಟರಿಗೆ 10 ಕೆ.ಜಿ.ಯ ಒಂದು ಕಲ್ಲು ಇಟ್ಟರೂ 65 ಕೆ.ಜಿ.ಯ ಸೆಳೆತಕ್ಕೆ ಅದು ಸಾಲದು. ತಗಡು ಎದ್ದಾಗ ಕಲ್ಲು ಜಾರಿ ಕೆಳಗಿದ್ದವರ ತಲೆಯ ಮೇಲೆ ಬೀಳುತ್ತದೆ. ಕಲ್ಲಿಗಿಂತ ಬೋಲ್ಟು ಮೇಲು.

ಮಣ್ಣಿನೊಳಗಿನ ಭಾರ

ಬೋಲ್ಟು ತಗಡನ್ನು ಅಡ್ಡ ಪೈಪಿಗೆ ಹಿಡಿಯುತ್ತದೆ. ಪೈಪು ಟ್ರಸ್ಸಿಗೆ, ಟ್ರಸ್ಸು ಕಂಬಕ್ಕೆ ಅಂಟಿಕೊಂಡಿದೆ. ಹಾಗಾದರೆ ಕಂಬವನ್ನು ಹಿಡಿಯುವವರು ಯಾರು? ಪಾಯ!

6 ಮೀಟರ್ ಅಗಲ, 9 ಮೀಟರ್ ಉದ್ದದ ಒಂದು ವರ್ಕ್‌ಶಾಪ್ ಎಂದುಕೊಳ್ಳಿ. ಚಾವಣಿಯ ವಿಸ್ತೀರ್ಣ 54 ಚದರ ಮೀಟರ್. ಮೇಲೆತ್ತುವ ಬಲ 54 × 65 = 3510 ಕೆ.ಜಿ. ತೂಕದಷ್ಟು. ತಗಡು, ಪೈಪು, ಕಂಬ ಎಲ್ಲ ಸೇರಿ ಶೆಡ್ಡಿನ ತೂಕ 1000 ಕೆ.ಜಿ. ಎಂದುಕೊಂಡರೆ ಉಳಿದದ್ದು 2510 ಕೆ.ಜಿ. ಎಂಟು ಕಂಬಗಳಿದ್ದರೆ ಒಂದೊಂದು ಕಂಬವನ್ನೂ ಸುಮಾರು 314 ಕೆ.ಜಿ.ಯಷ್ಟು ಬಲ ಮೇಲಕ್ಕೆ ಕೀಳುತ್ತದೆ.

ಒಂದು ಘನ ಮೀಟರ್ ಕಾಂಕ್ರೀಟಿನ ತೂಕ ಸುಮಾರು 2400 ಕೆ.ಜಿ. 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 90 ಸೆಂ.ಮೀ. ಆಳದ ಗುಂಡಿಗೆ ಕಾಂಕ್ರೀಟು ತುಂಬಿದರೆ,

0.6 × 0.6 × 0.9 × 2400 = ಸುಮಾರು 778 ಕೆ.ಜಿ.

ಇದು 314ಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಕಂಬ ಕದಲದು. ಈಗ ಖರ್ಚು ಉಳಿಸಲು ಗುಂಡಿಯ ಉದ್ದ, ಅಗಲ, ಆಳ ಮೂರನ್ನೂ ಅರ್ಧ ಮಾಡಿದರೆ? ತೂಕ ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ. ಬರೀ 97 ಕೆ.ಜಿ.! ಕಂಬ ಗುಂಡಿಯ ಸಮೇತ ಕಿತ್ತು ಬರಬಹುದು.

ಮನೆಯ ಪಾಯ ಭಾರವನ್ನು ಹೊರಲು ಬೇಕು. ತಗಡಿನ ಶೆಡ್ಡಿಗೆ ಹೊರಲು ಭಾರವೇ ಇಲ್ಲ. ಅದರ ಪಾಯ ಮುಖ್ಯವಾಗಿ ಶೆಡ್ಡನ್ನು ನೆಲಕ್ಕೆ ಹಿಡಿದಿಡಲು ಬೇಕು. 'ಹಗುರದ ಶೆಡ್ಡಿಗೆ ದೊಡ್ಡ ಪಾಯ ಏಕೆ?' ಎಂದು ಕೇಳುವವರಿಗೆ ಈ ಲೆಕ್ಕ ತೋರಿಸಿ. ಇದು ತಿಳಿವಳಿಕೆಗಾಗಿ ಮಾಡಿದ ಸರಳ ಲೆಕ್ಕ. ನಿಜವಾಗಿ ಕಟ್ಟಿಸುವಾಗ ಸ್ಥಳದ ಮಣ್ಣು, ಎತ್ತರ ಎಲ್ಲವನ್ನೂ ನೋಡಿ ಎಂಜಿನಿಯರ್ ಹೇಳಿದಂತೆ ಮಾಡಿಸಬೇಕು.

ಬಿಸಿಲಿಗೆ ಹಿಗ್ಗುವ ತಗಡು

ಸಂಜೆ ತಗಡಿನ ಚಾವಣಿಯಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿದ್ದೀರಾ? ಅದು ಹಲ್ಲಿಯ ಲೊಚಗುಟ್ಟುವಿಕೆಯಲ್ಲ. ಹಗಲು ಹಿಗ್ಗಿದ ತಗಡು ಆರುವಾಗ ಕುಗ್ಗುವ ಸದ್ದು. ಒಂದು ಮೀಟರ್ ಉಕ್ಕು ಪ್ರತಿ ಡಿಗ್ರಿಗೆ 0.012 ಮಿ.ಮೀ. ಹಿಗ್ಗುತ್ತದೆ. ಮುಂಜಾನೆ 20 ಡಿಗ್ರಿ ಇದ್ದ ತಗಡು ಬಿಸಿಲಿನಲ್ಲಿ 60 ಡಿಗ್ರಿಗೆ ಏರಿದರೆ, 6 ಮೀಟರ್ ಉದ್ದದ ತಗಡು ಸುಮಾರು 2.9 ಮಿ.ಮೀ. ಉದ್ದವಾಗುತ್ತದೆ. ದಿನವೂ ಹೀಗೆ ಹಿಗ್ಗಿ ಕುಗ್ಗಿ ಬೋಲ್ಟು ಸಡಿಲವಾಗುತ್ತದೆ, ತೂತು ಅಗಲವಾಗುತ್ತದೆ. ರಬ್ಬರ್ ವಾಷರ್ ಹಾಕಿದರೆ ತಗಡಿನ ಚಲನೆಗೂ ಎಡೆ ಸಿಗುತ್ತದೆ, ಮಳೆನೀರೂ ಸೋರದು. ರಬ್ಬರ್ ಬಿಸಿಲಿಗೆ ಸೀಳುವುದರಿಂದ ಮುಂಗಾರಿಗೆ ಮೊದಲು ಪ್ರತಿ ವರ್ಷ ಬೋಲ್ಟು, ವಾಷರ್‌ಗಳನ್ನು ಪರೀಕ್ಷಿಸಬೇಕು.

ಕಾದ ತಗಡು ಕೆಳಗಿದ್ದವರ ಮೇಲೂ ಶಾಖ ಸೂಸುತ್ತದೆ. ಚಾವಣಿಯನ್ನು ಎತ್ತರಿಸುವುದು, ಬಿಳಿ ಬಣ್ಣ ಬಳಿಯುವುದು, ಬಿಸಿಗಾಳಿ ಹೊರಹೋಗಲು ನೆತ್ತಿಯಲ್ಲಿ ದಾರಿ ಬಿಡುವುದು ಇದಕ್ಕೆ ಪರಿಹಾರ. ಕೆಲವು ಶೆಡ್ಡುಗಳ ಮೇಲೆ ತಿರುಗುವ ಗುಂಡನೆಯ ಬುರುಡೆಯನ್ನು ನೋಡಿರಬಹುದು. ಅದು ವಿದ್ಯುತ್ ಇಲ್ಲದೆ ಗಾಳಿಯಿಂದಲೇ ತಿರುಗಿ ಬಿಸಿಗಾಳಿಯನ್ನು ಹೊರದೂಡುತ್ತದೆ.

ವಿದ್ಯುತ್ ಇದೆ, ಎಚ್ಚರ!

ಲೋಹದ ಕಟ್ಟಡಕ್ಕೆ ಒಂದು ವಿಶೇಷ ಅಪಾಯವಿದೆ. ಒಳಗಿನ ಒಂದು ತಂತಿಯ ಹೊದಿಕೆ ಹರಿದು ಕಂಬಕ್ಕೆ ತಗುಲಿದರೆ ಇಡೀ ಶೆಡ್ಡಿನಲ್ಲಿ ವಿದ್ಯುತ್ ಹರಿಯಬಹುದು. ಅದಕ್ಕಾಗಿ ಶೆಡ್ಡಿನ ಚೌಕಟ್ಟಿಗೂ ಯಂತ್ರಗಳಿಗೂ ಭೂಸಂಪರ್ಕ, ಅಂದರೆ ಅರ್ಥಿಂಗ್ ಕೊಡಬೇಕು. ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚೂ ಇರಬೇಕು. ವಿದ್ಯುತ್ ತಂತಿಗಳು ಹಾದುಹೋಗಿರುವ ಜಾಗದ ಕೆಳಗೆ ಶೆಡ್ಡು ಹಾಕಲೇಬಾರದು. ಗ್ರಾಮ ಪಂಚಾಯಿತಿ ಅಥವಾ ಪಟ್ಟಣದ ಸ್ಥಳೀಯ ಸಂಸ್ಥೆಯಿಂದ ಮೊದಲು ಅನುಮತಿ ಪಡೆದೇ ಕಟ್ಟಡ ಕಟ್ಟಬೇಕು.

ಮಳೆ ಬಂದಾಗ ಶೆಡ್ಡಿನ ಸೂರಿನ ಕೆಳಗೆ ನಿಲ್ಲುವುದು ರೂಢಿ. ಗುಡುಗು ಮಿಂಚು ಇರುವಾಗ ಕಬ್ಬಿಣದ ಕಂಬಕ್ಕೆ ಒರಗಬೇಡಿ, ತಗಡಿನ ಗೋಡೆ ಮುಟ್ಟಬೇಡಿ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಬೇಡಿ. ಅದರಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ನೋಡಿದಾಗ ಏನೂ ಅನ್ನಿಸದಿದ್ದರೂ ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಬಿದ್ದಂತೆ ಉರಿಯುತ್ತದೆ.

ನೀವೇ ಮಾಡಿ

1. ಗಾಳಿಯ ವೇಗ ಸೆಕೆಂಡಿಗೆ 10 ಮೀಟರ್ ಮತ್ತು 20 ಮೀಟರ್ ಇದ್ದಾಗ ಒಂದು ಚದರ ಮೀಟರಿನ ಮೇಲೆ ಬೀಳುವ ಬಲ ಎಷ್ಟು? ವೇಗ ಎರಡು ಪಟ್ಟಾದರೆ ಬಲ ಎಷ್ಟು ಪಟ್ಟಾಯಿತು?

2. ನಿಮ್ಮ ಶಾಲೆಯ ಸೈಕಲ್ ಶೆಡ್ಡು ಅಥವಾ ಊರಿನ ಬಸ್ ನಿಲ್ದಾಣದ ತಗಡಿನ ಚಾವಣಿಯನ್ನು ನೆಲದ ಮೇಲೆ ನಿಂತೇ ಗಮನಿಸಿ. ಓರೆ ಪೈಪುಗಳಿವೆಯೇ? ಮೂಲೆಯ ತಗಡು ಗಾಳಿಗೆ ಪಟಪಟ ಬಡಿಯುತ್ತಿದೆಯೇ? ಕಂಬದ ಬುಡದಲ್ಲಿ ತುಕ್ಕು ಇದೆಯೇ? ಮೇಲೆ ಕಲ್ಲು ಇಟ್ಟಿದ್ದಾರೆಯೇ?

3. ಕಂಡದ್ದನ್ನು ಬರೆದು ಚಿತ್ರ ಬಿಡಿಸಿ. ಸಡಿಲವಾದ ತಗಡು ಕಂಡರೆ ನಿಮ್ಮ ಶಿಕ್ಷಕರಿಗೂ ಎಸ್.ಡಿ.ಎಂ.ಸಿ. ಸದಸ್ಯರಿಗೂ ತಿಳಿಸಿ. ಅಶ್ವಿನಿ ಮಳೆ ಬರುವ ಮೊದಲೇ ನಾಲ್ಕು ಬೋಲ್ಟು ಬಿಗಿಸಿದರೆ ದೊಡ್ಡ ಅನಾಹುತ ತಪ್ಪುತ್ತದೆ.