ಹೆಗಲಿನ ಹೊರೆ, ಹೊತ್ತಿನ ಹೊರೆ

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈಗ ಒಂದಲ್ಲ ಒಂದು ದಿನ ಈ ಚರ್ಚೆ ಏಳುವುದುಂಟು: ಲ್ಯಾಪ್‌ಟಾಪು ಕೊಳ್ಳಬೇಕೆ? ಕೊಂಡರೆ ಎಂಥದನ್ನು ಕೊಳ್ಳಬೇಕು? ಕೊಂಡ ಮೇಲೆ ಹುಡುಗರು ಓದುವರೊ, ಆಡುವರೊ? ಯಜಮಾನರು ಬೆಲೆಯನ್ನು ನೋಡುವರು. ಮಕ್ಕಳು ಯಂತ್ರದ ವೇಗವನ್ನು ನೋಡುವರು. ತಾಯಂದಿರು ಮಗುವಿನ ಕಣ್ಣನ್ನೂ ನಿದ್ರೆಯನ್ನೂ ನೆನೆದು ನಿಟ್ಟುಸಿರು ಬಿಡುವರು. ಮೂವರ ನೋಟವೂ ಸರಿಯೆ. ಆದರೆ ಇವೆಲ್ಲಕ್ಕೂ ಮೊದಲು ನೋಡತಕ್ಕದ್ದು ಹೊರೆಯನ್ನು ಎಂದು ನಮಗೆ ಈಚೆಗೆ ತಿಳಿದುಬಂದಿತು. ಅದು ತಿಳಿದ ಬಗೆಯನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳುವೆವು.

ನಾವಿರುವುದು ಬಿಡದಿಯ ಬಳಿಯ ಬೈರಮಂಗಲದಲ್ಲಿ. ನೆರೆಮನೆಯವರು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ರೈತರು. ಅವರ ಮಗಳು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪದವಿಗೆ ಓದುತ್ತಿರುವಳು. ಬೆಳಗಿನ ಬಸ್ಸಿನಲ್ಲಿ ಬಿಡದಿಗೆ ಹೋಗಿ, ಅಲ್ಲಿಂದ ರೈಲು ಹಿಡಿದು, ಸಂಜೆ ಅದೇ ಹಾದಿಯಲ್ಲಿ ಹಿಂದಿರುಗುವಳು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರದ ಬಸ್ಸುಗಳಲ್ಲಿ ಟಿಕೇಟಿನ ಹಣ ಉಳಿಯಿತು, ನಿಜ. ಆದರೆ ನಿಂತು ಹೋಗುವ ಆಯಾಸ ಉಳಿಯಲಿಲ್ಲ. ಹೆಗಲಲ್ಲಿ ಚೀಲ, ಕೈಯಲ್ಲಿ ಕಂಬಿ. ಹೀಗೆ ಅವಳ ದಿನ ಆರಂಭವಾಗುವುದು.

ಈ ಹುಡುಗಿಗೆ ಓದಿನ ಜೊತೆಗೆ ಇನ್ನೊಂದು ಹವ್ಯಾಸ ಹತ್ತಿಕೊಂಡಿತು. ಊರಿನ ಮುದುಕಿಯರು ಹಾಡುವ ಸೋಬಾನೆ ಪದಗಳನ್ನೂ ರಾಗಿ ಬೀಸುವ ಪದಗಳನ್ನೂ ಧ್ವನಿಮುದ್ರಣ ಮಾಡಿ, ಅವನ್ನು ಅಕ್ಷರದಲ್ಲಿಯೂ ಬರೆದಿಟ್ಟು, ಊರಿನ ಚಿತ್ರಗಳೊಡನೆ ಒಂದು ಕಿರುಚಿತ್ರವಾಗಿ ಜೋಡಿಸಬೇಕೆಂಬುದು ಅವಳ ಆಸೆ. ಆಸೆಗೆ ಕಾರಣವೂ ಉಂಟು. ನಮ್ಮೂರಿನ ಕೆರೆಯು ಹೇಗಿದ್ದಿತು ಎಂಬುದನ್ನು ಬಲ್ಲವರು ಈಗ ಆ ಮುದುಕಿಯರು ಮಾತ್ರ. ಬೆಂಗಳೂರಿನ ಬಸವನಗುಡಿಯ ಕಡೆ ಹುಟ್ಟುವ ವೃಷಭಾವತಿಯು ಆ ಮಹಾನಗರದ ಕೊಳೆಯನ್ನು ಹೊತ್ತು ತಂದು ನಮ್ಮ ಕೆರೆಯಲ್ಲಿ ಇಳಿಸುತ್ತಿರುವಳು. ನೊರೆಯನ್ನು ಕಂಡವರಿಗೆ ಇಲ್ಲಿ ಒಂದು ಕಾಲಕ್ಕೆ ನೀರು ಕುಡಿಯುತ್ತಿದ್ದರೆಂದರೆ ನಂಬಿಕೆಯಾಗದು. ಅದು ಸಾಲದೆಂಬಂತೆ 2025ರಲ್ಲಿ ಬಿಡದಿಯ ಉಪನಗರ ಯೋಜನೆಗಾಗಿ ಬೈರಮಂಗಲ ಮತ್ತು ಕಂಚುಗಾರನಹಳ್ಳಿ ಪಂಚಾಯಿತಿಗಳ ಜಮೀನುಗಳ ಸ್ವಾಧೀನಕ್ಕೆ ಸರ್ಕಾರದ ಪ್ರಕಟಣೆ ಹೊರಟಿತು; ರೈತರು ವಿರೋಧಿಸಿ ಕುಳಿತರು. ಯಾವ ಹೊಲ ಉಳಿಯುವುದೊ, ಯಾವ ಹಾಡು ಉಳಿಯುವುದೊ ಎಂಬ ಚಿಂತೆ ಎಳೆಯ ಮನಸ್ಸಿಗೂ ತಟ್ಟಿತೆಂದರೆ ಆಶ್ಚರ್ಯವೇನು?

ಒಂದು ಸಂಜೆ ಆ ಹುಡುಗಿಯ ತಂದೆ ನಮ್ಮ ಜಗಲಿಗೆ ಬಂದು ಕುಳಿತರು.

“ಮೇಷ್ಟ್ರೆ, ಮಗಳು ಲ್ಯಾಪ್‌ಟಾಪು ಕೇಳ್ತಾವ್ಳೆ. ಎರಡು ಬೆಳೆ ಗೂಡಿನ ದುಡ್ಡು ಎತ್ತಿಟ್ಟಿವ್ನಿ. ಹಾಡು ಪಾಡು ಅಂತ ಓದು ಕೆಡಿಸ್ಕೊಂಡ್ರೆ ಏನು ಗತಿ? ಡಿಗ್ರಿ ಮುಗೀಲಿ, ಆಮ್ಯಾಕೆ ಹಾಡು ಅಂದೆ. ಮಾತು ಬಿಟ್ಟವ್ಳೆ. ನೀವೇ ಒಂದು ದಾರಿ ಹೇಳಿ.”

‘ಪರೀಕ್ಷೆ ಮುಗಿಯಲಿ’ ಎಂಬ ಮಾತನ್ನು ಕೇಳುತ್ತಲೆ ನಮಗೆ ನಮ್ಮ ಹಳೆಯ ತಪ್ಪೊಂದು ನೆನಪಾಯಿತು. ನಾವು ಬೆಂಗಳೂರಿನಲ್ಲಿ ಸಂಸ್ಕೃತ ಓದುತ್ತಿದ್ದ ಕಾಲದಲ್ಲಿ ನಮ್ಮ ಅಜ್ಜಿಯವರು ಊರಿನಲ್ಲಿದ್ದರು. ಬೀಸುವ ಕಲ್ಲಿನ ಮುಂದೆ ಕುಳಿತರೆಂದರೆ ಕುಕ್ಕೆಯ ರಾಗಿ ಮುಗಿಯುವವರೆಗೆ ಹಾಡುವರು. ರಜಕ್ಕೆ ಬಂದಾಗಲೆಲ್ಲ ಬರೆದುಕೊಳ್ಳಬೇಕೆಂದು ನಾವು ಎಣಿಸುವೆವು. ವ್ಯಾಕರಣದ ಪರೀಕ್ಷೆ ಮುಗಿಯಲಿ ಎಂದು ಮುಂದಕ್ಕೆ ಹಾಕುವೆವು. ಪರೀಕ್ಷೆ ಮುಗಿಯಿತು, ತೇರ್ಗಡೆಯೂ ಆಯಿತು, ಅಜ್ಜಿ ಇರಲಿಲ್ಲ. ಪಾಣಿನಿಯ ಸೂತ್ರಗಳು ಇಂದಿಗೂ ಅಂಗಡಿಯಲ್ಲಿ ದೊರೆಯುವುವು. ಅಜ್ಜಿಯ ಹಾಡಿನಲ್ಲಿ ನಮಗೆ ಉಳಿದಿರುವುದು ರಾಗದ ಒಂದು ತುಣುಕು ಮಾತ್ರ, ಮಾತುಗಳಿಲ್ಲ.

ಈ ಸಂಗತಿಯನ್ನು ತಂದೆಗೆ ಹೇಳಿದೆವು. ಹಾಗೆಂದು ಓದನ್ನು ಬದಿಗಿಡಬಹುದೆಂದು ನಾವು ಹೇಳಲಿಲ್ಲ. ಮಾರನೆಯ ದಿನ ಹುಡುಗಿಯನ್ನು ಕರೆದು, “ನಿನ್ನ ವಾರದ ಲೆಕ್ಕವನ್ನು ಬರೆ, ತಾಯಿ” ಎಂದೆವು.

ವಾರಕ್ಕೆ 168 ಗಂಟೆಗಳು. ಅರಸನಿಗೂ ಅಷ್ಟೆ, ಆಳಿಗೂ ಅಷ್ಟೆ. ನಿದ್ರೆಗೆ 52. ಕಾಲೇಜು ಮತ್ತು ಪ್ರಯಾಣ ಸೇರಿ ಆರು ದಿನಕ್ಕೆ 57. ಊಟ, ಸ್ನಾನ, ಮನೆಗೆಲಸಗಳಿಗೆ 28. ಮೂರನ್ನೂ ಕೂಡಿಸಿದರೆ 137; ಉಳಿದದ್ದು 31. ಇದರಲ್ಲಿ ಮನೆಯ ಓದಿಗೂ ಕಾಲೇಜಿನ ಬರೆಹದ ಕೆಲಸಕ್ಕೂ 20 ಗಂಟೆ ಎಂದು ಗೊತ್ತುಮಾಡಿದೆವು; ಹಾಡಿನ ಕೆಲಸಕ್ಕೆ 6; ಮಿಕ್ಕ 5 ಗಂಟೆಗಳನ್ನು ಯಾವುದಕ್ಕೂ ಹಂಚಲಿಲ್ಲ. ನೆಂಟರು ಬರುವರು, ಜ್ವರ ಬರುವುದು, ಹುಳುವಿಗೆ ನಾಲ್ಕನೆಯ ಜ್ವರ ಕಳೆದು ಸೊಪ್ಪಿನ ಕೆಲಸ ಹೆಚ್ಚುವುದು. ಅವಕ್ಕೂ ಕಾಲ ಬೇಕಷ್ಟೆ. ಒಂದು ಗಂಟೆಯನ್ನೂ ಬಿಡದೆ ತುಂಬಿದ ದಿನಚರಿಯು ಎರಡನೆಯ ವಾರದಲ್ಲಿಯೆ ಮುರಿದು ಬೀಳುವುದೆಂಬುದನ್ನು ನಾವು ಮೇಷ್ಟರ ಕೆಲಸದಲ್ಲಿ ಎಷ್ಟೋ ಮಕ್ಕಳಲ್ಲಿ ಕಂಡಿರುವೆವು.

ಆರು ಗಂಟೆಗಳು ಅತ್ಯಲ್ಪವೆಂದು ಹುಡುಗಿಯ ಮುಖ ಬಾಡಿತು. ಆಗ ನಾವು ಅವಳ ಕೆಲಸವನ್ನು ಎರಡಾಗಿ ವಿಂಗಡಿಸಿ ತೋರಿಸಿದೆವು. ಹಾಡನ್ನು ಶೇಖರಿಸುವುದು ಒಂದು. ಶೇಖರಿಸಿದ್ದನ್ನು ಸಂಸ್ಕರಿಸಿ ಚಿತ್ರವಾಗಿ ಜೋಡಿಸುವುದು ಇನ್ನೊಂದು. ಮೊದಲನೆಯದು ಕಾಯಲಾರದು, ಹಾಡುವವರಿಗೆ ಎಂಬತ್ತು ದಾಟಿದೆ. ಎರಡನೆಯದು ಎಷ್ಟು ದಿನವಾದರೂ ಕಾಯಬಲ್ಲುದು. ಆದಕಾರಣ ಪರೀಕ್ಷೆಯ ತಿಂಗಳಲ್ಲಿ ಜೋಡಣೆ ನಿಲ್ಲಲಿ, ಶೇಖರಣೆ ಮಾತ್ರ ವಾರಕ್ಕೊಂದು ಗಂಟೆಯಾದರೂ ನಡೆಯಲಿ ಎಂದು ನಿಶ್ಚಯವಾಯಿತು. ತಂದೆಯವರೂ ಇದಕ್ಕೆ ಒಪ್ಪಿದರು.

ರಾಮನಗರದ ಜಾನಪದ ಲೋಕವನ್ನು ನೋಡಿದವರಿಗೆ ಈ ಮಾತು ಹೊಸದಾಗಿ ತೋರದು. ಅದನ್ನು 1994ರಲ್ಲಿ ಸ್ಥಾಪಿಸಿದ ಎಚ್. ಎಲ್. ನಾಗೇಗೌಡರು ಸರ್ಕಾರದ ಉನ್ನತಾಧಿಕಾರದ ಹೊಣೆಯನ್ನು ಹೊತ್ತುಕೊಂಡೇ ಸಾಹಿತ್ಯದ ಕೆಲಸವನ್ನೂ ನಡೆಸಿದವರು. ಕಚೇರಿಯು ಹಾಡನ್ನು ನುಂಗಲಿಲ್ಲ, ಹಾಡು ಕಚೇರಿಯನ್ನು ಕೆಡಿಸಲಿಲ್ಲ.

ಹೊತ್ತಿನ ಲೆಕ್ಕ ಮುಗಿದ ಮೇಲೆ ಯಂತ್ರದ ವಿಚಾರ. ಭಾನುವಾರ ಮೂವರೂ ಬೆಂಗಳೂರಿಗೆ ಹೊರಟೆವು. ಅಂಗಡಿಯ ತರುಣನು “ಚಲನಚಿತ್ರ ಜೋಡಿಸುವವರಿಗೆ ಇದೇ ಸರಿ” ಎಂದು ಆಟಗಾರರಿಗಾಗಿ ಮಾಡಿದ ಒಂದು ದೊಡ್ಡ ಯಂತ್ರವನ್ನು ಮುಂದಿಟ್ಟನು. ನೋಡಲು ಭರ್ಜರಿಯಾಗಿದ್ದಿತು, ಕೀಲಿಗಳ ಕೆಳಗೆ ಬಣ್ಣಬಣ್ಣದ ದೀಪಗಳು. ಹುಡುಗಿಯ ಕಣ್ಣು ಅರಳಿತು. ತಂದೆ ಜೇಬನ್ನು ಮುಟ್ಟಿಕೊಂಡರು. ನಾವು ಆ ಯಂತ್ರದ ತೂಕವನ್ನೂ, ಅದರ ಚಾರ್ಜರಿನ ತೂಕವನ್ನೂ ಕೇಳಿ ಬರೆದುಕೊಂಡು, ನಾಳೆ ಬರುವೆವೆಂದು ಹೇಳಿ ಊರಿಗೆ ಬಂದುಬಿಟ್ಟೆವು. ಅಂಗಡಿಯಲ್ಲಿ ನಿಂತು ನಿಶ್ಚಯಿಸತಕ್ಕ ವಿಷಯವಲ್ಲ ಇದು.

ಮನೆಯಲ್ಲಿ ರೇಷ್ಮೆ ಗೂಡು ತೂಗುವ ಕೊಕ್ಕೆಯ ತಕ್ಕಡಿ ಇದ್ದಿತು. ಹುಡುಗಿಯು ದಿನವೂ ಒಯ್ಯುವ ಚೀಲವನ್ನು ಹಾಗೆಯೇ ಅದಕ್ಕೆ ನೇತುಹಾಕಿದೆವು. ಪುಸ್ತಕ, ಊಟದ ಡಬ್ಬಿ, ನೀರಿನ ಸೀಸೆ, ಕೊಡೆ ಎಲ್ಲ ಸೇರಿ 4 ಕಿಲೋ 200 ಗ್ರಾಂ. ಕೇಂದ್ರ ಸರ್ಕಾರವು 2020ರಲ್ಲಿ ಹೊರಡಿಸಿದ ಶಾಲಾ ಚೀಲದ ನೀತಿಯಲ್ಲಿ ಮಕ್ಕಳ ಚೀಲವು ದೇಹದ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದು ಇದೆ. ಅದು ಶಾಲೆಯ ಮಕ್ಕಳಿಗೆ ಹೇಳಿದ್ದಾದರೂ ಕಾಲೇಜಿಗೆ ಹೋದೊಡನೆ ಬೆನ್ನುಮೂಳೆ ಕಬ್ಬಿಣವಾಗುವುದಿಲ್ಲವಷ್ಟೆ. ಹುಡುಗಿಯ ತೂಕ 46 ಕಿಲೋ. ಆ ಲೆಕ್ಕದಿಂದ ಚೀಲವು 4 ಕಿಲೋ 600 ಗ್ರಾಮಿಗೆ ನಿಲ್ಲಬೇಕು. ಅಂಗಡಿಯ ಭರ್ಜರಿ ಯಂತ್ರ 2 ಕಿಲೋ 400, ಚಾರ್ಜರು 700 ಗ್ರಾಂ. ಅದನ್ನು ಕೂಡಿಸಿದರೆ 7 ಕಿಲೋ 300. ನಾವು ಅಷ್ಟು ತೂಕದ ರಾಗಿಯನ್ನು ಚೀಲಕ್ಕೆ ಸುರಿದು, “ಹೊತ್ತುಕೊಂಡು ಕೆರೆಯ ಏರಿಯವರೆಗೆ ಹೋಗಿ ಬಾ” ಎಂದೆವು. ಹೋಗಿ ಬಂದಳು. ಚೀಲವನ್ನು ಇಳಿಸಿ, “ತಾತ, ಅದು ಬೇಡ” ಎಂದಳು. ನಮ್ಮ ಉಪದೇಶಕ್ಕಿಂತ ರಾಗಿಯ ಉಪದೇಶ ಬೇಗ ನಾಟಿತು.

ಮನೆಯಲ್ಲಿ ಉಳಿಯುವ ಬಲವಾದ ಯಂತ್ರಕ್ಕಿಂತ ಜೊತೆಯಲ್ಲಿ ಬರುವ ಸಾಧಾರಣ ಯಂತ್ರವೆ ಇಂಥ ವಿದ್ಯಾರ್ಥಿಗೆ ಮೇಲು. 1981ರಲ್ಲಿ ಅಮೆರಿಕದಲ್ಲಿ ಹೊರಟ ಆಸ್‌ಬರ್ನ್ ಎಂಬ ಯಂತ್ರವನ್ನು ‘ಹೊತ್ತೊಯ್ಯುವ ಗಣಕ’ವೆಂದು ಮಾರಿದರು, ಅದರ ತೂಕ ಸುಮಾರು 11 ಕಿಲೋ! ಈಗ 13 ಅಥವಾ 14 ಅಂಗುಲದ ಪರದೆಯ ಯಂತ್ರಗಳು ಒಂದೂಕಾಲು ಕಿಲೋದಿಂದ ಒಂದೂವರೆ ಕಿಲೋದೊಳಗೆ ದೊರೆಯುವುವು. ಆದರೂ ಚಾರ್ಜರನ್ನು ಸೇರಿಸಿಯೇ ತೂಗಬೇಕು. ಅಂಗಡಿಯವರು ಹೇಳುವ ತೂಕದಲ್ಲಿ ಅದು ಸೇರಿರುವುದಿಲ್ಲ.

ಉಳಿದ ಗುಣಗಳನ್ನು ಕೆಲಸದಿಂದ ಅಳೆಯತಕ್ಕದ್ದು. ಹಾಡನ್ನು ಹಿಡಿಯುವುದು ಕೈಯ ಫೋನು ಅಥವಾ ಧ್ವನಿಮುದ್ರಕ. ಲ್ಯಾಪ್‌ಟಾಪಿನ ಕೆಲಸ ಅದನ್ನು ಕಾಪಿಡುವುದು, ಕೇಳಿ ಬರೆಯುವುದು, ಜೋಡಿಸುವುದು. ಉತ್ತಮ ದರ್ಜೆಯಲ್ಲಿ ಮುದ್ರಿಸಿದ ಒಂದು ಗಂಟೆಯ ಧ್ವನಿಗೆ ಸುಮಾರು 1 ಜಿಬಿ ಸ್ಥಳ ಬೇಕಾಗುವುದು. ಚಲನಚಿತ್ರಕ್ಕೆ ಅದರ ಹಲವು ಪಾಲು. ಆದ್ದರಿಂದ 512 ಜಿಬಿ ಸಂಗ್ರಹವಿರಲಿ. ಬರೆಹ, ಲೆಕ್ಕ, ಓದುಗಳಿಗೆ 8 ಜಿಬಿ ರ್‍ಯಾಮ್ ಸಾಕಾಗಬಹುದು. ಚಿತ್ರ ಜೋಡಿಸುವವರಿಗೆ 16 ಬೇಕು. ಅನೇಕ ಹಗುರ ಯಂತ್ರಗಳಲ್ಲಿ ರ್‍ಯಾಮನ್ನು ಬೆಸೆದುಬಿಟ್ಟಿರುವುದರಿಂದ ಮುಂದೆ ಹೆಚ್ಚಿಸಲು ಬಾರದು. ಇದನ್ನು ಕೊಳ್ಳುವ ಮುಂಚೆಯೇ ಕೇಳಬೇಕು. ಬ್ಯಾಟರಿಯ ವಿಷಯದಲ್ಲಿ ‘ಇಡೀ ದಿನ ಬರುವುದು’ ಎಂಬ ಮಾತನ್ನು ನಂಬದೆ ವ್ಯಾಟ್-ಗಂಟೆ ಎಷ್ಟೆಂದು ನೋಡಬೇಕು. 50 ವ್ಯಾಟ್-ಗಂಟೆಯ ಬ್ಯಾಟರಿಯು ಬರೆಯುವಾಗ 8 ವ್ಯಾಟಿನಂತೆ ಖರ್ಚಾದರೆ ಆರು ಗಂಟೆ ಬರುವುದು. ಚಿತ್ರ ಜೋಡಿಸುವಾಗ 25 ವ್ಯಾಟಿನಂತೆ ಖರ್ಚಾದರೆ ಎರಡೇ ಗಂಟೆ. ಹೀಗಿರುವುದರಿಂದ ರೈಲಿನಲ್ಲಿ ಬರೆಹ, ಮನೆಯಲ್ಲಿ ಜೋಡಣೆ ಎಂದು ಕೆಲಸವನ್ನು ಹಂಚಿಕೊಳ್ಳುವುದು ಜಾಣತನ.

ತಂತ್ರಾಂಶಕ್ಕೆಂದು ಹಣ ಸುರಿಯಬೇಕಾದ್ದಿಲ್ಲ. ಬರೆಹಕ್ಕೆ ಲಿಬ್ರೆಆಫೀಸ್, ಧ್ವನಿ ತಿದ್ದಲು ಆಡಾಸಿಟಿ ಇವು ಉಚಿತವಾಗಿ ದೊರೆಯುವುವು. ಕನ್ನಡ ಬರೆಯಲು ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಕಲಿತರೆ ಇಂಗ್ಲಿಷು ಕೀಲಿಗಳ ಮೇಲೆಯೇ ಕೈ ಓಡುವುದು. ಆದರೆ ಬರೆದದ್ದೆಲ್ಲ ಯೂನಿಕೋಡಿನಲ್ಲಿಯೆ ಇರಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಬರೆದಿಟ್ಟ ಕಡತಗಳು ಇನ್ನೊಂದು ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಗುರುತುಗಳಾಗುವುದನ್ನು ನಾವೇ ಕಂಡಿರುವೆವು. ಇನ್ನು ಹಾಡಿನ ಪ್ರತಿಗಳು ಮೂರು ಇರತಕ್ಕದ್ದು: ಯಂತ್ರದಲ್ಲೊಂದು, ಹೊರಗಿನ ಡಿಸ್ಕಿನಲ್ಲೊಂದು, ಬೇರೊಂದು ಮನೆಯಲ್ಲೊಂದು. ಯಂತ್ರ ಕೆಟ್ಟರೆ ಮತ್ತೊಂದು ಕೊಳ್ಳಬಹುದು. ಅಜ್ಜಿಯ ಕಂಠವನ್ನು ಕೊಳ್ಳಲು ಅಂಗಡಿಯಿಲ್ಲ.

ಕೊನೆಗೆ ಕೊಂಡದ್ದು 14 ಅಂಗುಲದ, 1 ಕಿಲೋ 350 ಗ್ರಾಮಿನ ಯಂತ್ರ. ಚಾರ್ಜರು 250 ಗ್ರಾಂ. ಉಳಿದ ಹಣದಲ್ಲಿ ಹೊರಗಿನ ಡಿಸ್ಕೂ ಬಂದಿತು. ಚೀಲದ ತೂಕ 5 ಕಿಲೋ 800ಕ್ಕೆ ಏರಿತು. ಆಗ ಒಂದೂವರೆ ಕಿಲೋದಷ್ಟು ದಪ್ಪ ಪುಸ್ತಕಗಳನ್ನು ಚೀಲದಿಂದ ತೆಗೆಸಿದೆವು. ಅವು ಮನೆಯಲ್ಲಿರಲಿ, ಕಾಲೇಜಿಗೆ ಬೇಕಾದ ಪಾಠಗಳು ಪರದೆಯ ಮೇಲಿರಲಿ. ಹೊಸದೊಂದನ್ನು ಹೊರುವಾಗ ಹಳೆಯದೊಂದನ್ನು ಇಳಿಸಬೇಕೆಂಬ ನಿಯಮವು ಚೀಲಕ್ಕೆ ಹೇಗೊ ದಿನಚರಿಗೂ ಹಾಗೆಯೆ. ಹುಡುಗಿಯು ರಾತ್ರಿ ಫೋನು ನೋಡುತ್ತಿದ್ದ ಹೊತ್ತನ್ನು ತಾನಾಗಿಯೆ ಇಳಿಸಿದಳು, ನಾವು ಹೇಳಬೇಕಾಗಲಿಲ್ಲ.

ಈಗ ಆರು ತಿಂಗಳು ಕಳೆದಿವೆ. ಸೆಮಿಸ್ಟರಿನ ಪರೀಕ್ಷೆಯಲ್ಲಿ ಅವಳು ತೇರ್ಗಡೆಯಾದಳು. ಮೊದಲಿಗಿಂತ ಅಂಕಗಳು ಏರಿಲ್ಲ, ಇಳಿದೂ ಇಲ್ಲ. ಕಿರುಚಿತ್ರವು ಇನ್ನೂ ಅರ್ಧವಾಗಿದೆ. ಹಾಡುಗಳು ಮಾತ್ರ ಹತ್ತೊಂಬತ್ತು ಸೇರಿವೆ. ಹಾಡಿದವರೆಲ್ಲರ ಒಪ್ಪಿಗೆಯನ್ನು ಕೇಳಿಯೇ ಮುದ್ರಿಸಿದಳೆಂಬುದು ನಮಗೆ ಹೆಚ್ಚು ಸಂತೋಷ ತಂದಿತು. ಒಂದು ಸೋಬಾನೆ ಪದದ ನಡುವೆ ಒಬ್ಬಾಕೆಗೆ ಮುಂದಿನ ಸೊಲ್ಲು ಮರೆತುಹೋಯಿತು; ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬಾಕೆ ಎತ್ತಿಕೊಟ್ಟರು. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಆ ಪದ ಅಲ್ಲಿಗೆ ಮುಗಿಯುತ್ತಿದ್ದಿತು.

ಮೊನ್ನೆ ಜಗಲಿಯಲ್ಲಿ ಯಂತ್ರವನ್ನು ತೆರೆದು ಹುಡುಗಿಯು ತನ್ನ ಅಜ್ಜಿಗೆ ಆಕೆಯ ಹಾಡನ್ನೇ ಕೇಳಿಸಿದಳು. ಮುದುಕಿ ಕಿವಿಗೆ ಕೈಯೊಡ್ಡಿ ಸ್ವಲ್ಪ ಹೊತ್ತು ಕೇಳಿ, “ಯಾರವ್ವಾ ಇದು ಹಾಡ್ತಿರೋದು? ಗಂಟ್ಲು ಚೆನ್ನಾಗೈತೆ” ಎಂದರು. ಎಲ್ಲರೂ ನಕ್ಕರು. ತಂದೆಯವರು ಮಾತ್ರ ನಗದೆ, ಯಂತ್ರದ ಕಡೆ ನೋಡುತ್ತ, “ಇದನ್ನ ಇನ್ನೊಂದು ಕಡೆನೂ ಇಟ್ಟಿದ್ದೀಯೇನವ್ವಾ?” ಎಂದು ಮಗಳನ್ನು ಕೇಳಿದರು.

ಗೃಹಸ್ಥರಾದ ವಾಚಕರು ಮಕ್ಕಳಿಗೆ ಯಂತ್ರ ಕೊಡಿಸುವ ಮುನ್ನ ಮನೆಯ ತಕ್ಕಡಿಯನ್ನು ಒಮ್ಮೆ ಇಳಿಸಲಿ. ಚೀಲವನ್ನೂ ತೂಗಲಿ, ವಾರವನ್ನೂ ತೂಗಲಿ. ದಿನವೂ ಹೊರಲು ಬರುವಷ್ಟೇ ಹೊರೆಯು ಕೊನೆಯವರೆಗೆ ಸಾಗುವುದು. ನಮ್ಮ ಮಕ್ಕಳ ವಿದ್ಯೆಯೂ ಹವ್ಯಾಸವೂ ಹಾಗೆ ನಿರಾಯಾಸವಾಗಿ ಸಾಗಲೆಂದು ಹಾರೈಸುವೆವು.